ಖಾಲಿ ಸೈಟಿನ ಬಿಳಿ ಹೂವು, ನನ್ನ ಮೂಗು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಹೂವನ್ನು ತೋಳು ತುಂಬ ಕಿತ್ತು ತಂದು ವೇದಿಕೆಗೆ ಕಟ್ಟಿದವನು ನಾನೇ. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಬಲವಂತ ಮಾಡಿರಲಿಲ್ಲ. ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ ನನ್ನ ಮೂಗು, ಕಣ್ಣು, ಕತ್ತು, ಕೊನೆಗೆ ಎದೆ, ಒಂದರ ಹಿಂದೊಂದು ನನ್ನ ಮೇಲೆ ದೂರು ಕೊಟ್ಟವು. ಕೊಡಬೇಕಾದದ್ದೇ.

ನಮ್ಮದು ಮತ್ತಿಕೆರೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹಳೇ ಊರಿನ ಪಕ್ಕಕ್ಕೆ ಬಡಾವಣೆ ಎದ್ದಿತ್ತು. ಎದ್ದಿತ್ತು ಅಂದರೆ ಒಂದು ಮನೆ, ಆಮೇಲೆ ಮೂರು ಖಾಲಿ ಸೈಟು, ಮತ್ತೊಂದು ಮನೆ, ಮತ್ತೆ ಐದು ಖಾಲಿ ಸೈಟು. ಆ ಖಾಲಿ ಜಾಗದಲ್ಲೆಲ್ಲ ಸೊಂಟದೆತ್ತರ ಪಾರ್ಥೇನಿಯಂ, ನಮ್ಮ ಬಾಯಲ್ಲಿ ಕಾಂಗ್ರೆಸ್ ಗಿಡ. ಕ್ಯಾರೆಟ್ ಸೊಪ್ಪಿನಂಥ ಎಲೆ, ತುದಿಯಲ್ಲಿ ಪುಟ್ಟ ಪುಟ್ಟ ಬಿಳಿ ಹೂವು, ಯಾರೋ ಸಬ್ಬಕ್ಕಿ ಚೆಲ್ಲಿ ಮರೆತು ಹೋದ ಹಾಗೆ. ಬಸ್‌ಸ್ಟಾಪಿಗೆ ಹೋಗುವ ಒಳದಾರಿ ಅದರ ಮಧ್ಯೆಯೇ. ಪ್ಯಾಂಟಿಗೆ ಹಳದಿ ಧೂಳು ಮೆತ್ತಿಕೊಂಡರೆ ಕೊಡವಿಕೊಂಡು ಬಸ್ಸು ಹತ್ತುತ್ತಿದ್ದೆವು. ನನಗಾಗ ಇಪ್ಪತ್ತೊಂದು. ಯಶವಂತಪುರದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ. ಅದು ಹೊಟ್ಟೆಗೆ. ನಿಜವಾದ ಕಸುಬು ಊರಿನವರನ್ನೆಲ್ಲ ಅಣಕಿಸುವುದು.

ರಾಜ್ಯೋತ್ಸವಕ್ಕೆ ವೇದಿಕೆ ಅಲಂಕಾರದ ಜವಾಬ್ದಾರಿ ನನಗೂ ನನ್ನ ಗೆಳೆಯ ಗಿರಿಗೂ ಬಿತ್ತು. ತಂದಿದ್ದ ಸೇವಂತಿಗೆ ಭುವನೇಶ್ವರಿಯ ಪಟಕ್ಕೇ ಮುಗಿದುಹೋಯಿತು. ಹಿಂದಿನ ಪರದೆ ಬೋಳು. ಗಿರಿ ತಲೆ ಕೆರೆದುಕೊಂಡ. ನಾನು ಪಕ್ಕದ ಸೈಟು ನೋಡಿದೆ. ಅಷ್ಟೇ. ನಾಲ್ಕು ಹೊರೆ ಕಿತ್ತು ತಂದೆವು. ಪರದೆಯ ತುಂಬ ಬಿಳಿ ಹೂವು, ಕಂಬಕ್ಕೆ ಬಿಳಿ ಹೂವು, ಅಧ್ಯಕ್ಷರಿಗೆ ಕೊಡುವ ಗುಚ್ಛದ ಸುತ್ತಲೂ ಬಿಳಿ ಹೂವು. ‘ಅಬ್ಬ, ಕೈಯಲ್ಲಿ ಎಷ್ಟು ಕಲೆ ಇದೆಯಪ್ಪಾ!’ ಅಂದರು ಅಧ್ಯಕ್ಷರು, ಮೂಗು ಉಜ್ಜಿಕೊಳ್ಳುತ್ತ.

ಅವತ್ತು ನನ್ನ ಐಟಮ್ಮು ‘ಬಡಾವಣೆಯ ಹತ್ತು ಸೀನು’. ಹತ್ತು ಜನ ಹೇಗೆ ಸೀನುತ್ತಾರೆ ಅಂತ ಮಾಡಿ ತೋರಿಸುವುದು. ಅದರಲ್ಲಿ ಎಲ್ಲಕ್ಕಿಂತ ಮೇಲಿನದು ನಮ್ಮ ಎದುರುಮನೆಯ ವೆಂಕಟಸುಬ್ಬಯ್ಯ ಮೇಷ್ಟ್ರದ್ದು. ರಿಟೈರಾದ ಹೆಡ್‌ಮಾಸ್ಟರು. ಅವರ ಸೀನಿಗೆ ಪೀಠಿಕೆ ಇದೆ: ಮೊದಲು ತೋರುಬೆರಳು ಮೇಲೆತ್ತಿ ಇಡೀ ಕ್ಲಾಸನ್ನು ಸುಮ್ಮನಿರಿಸುತ್ತಾರೆ, ಆಮೇಲೆ ಕನ್ನಡಕ ತೆಗೆದು ಎಡಗೈಗೆ ಕೊಡುತ್ತಾರೆ, ಮೂರನೆಯದಕ್ಕೆ ಗೋಡೆಯ ಕ್ಯಾಲೆಂಡರು ಅಲುಗುತ್ತದೆ. ಮುಗಿದ ಮೇಲೆ, ತಪ್ಪು ಕ್ಲಾಸಿನದೇ ಅನ್ನುವ ಹಾಗೆ ಎಲ್ಲರನ್ನೂ ಒಮ್ಮೆ ದುರುಗುಟ್ಟಿ ನೋಡುತ್ತಾರೆ. ಜನ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತು ನಗಲಿಲ್ಲ. ಹತ್ತು ಮುಗಿಯಿತು. ಹನ್ನೊಂದನೆಯದು ಬಂತು. ಅದನ್ನು ನಾನು ಕರೆದಿರಲಿಲ್ಲ. ಹನ್ನೆರಡು, ಹದಿಮೂರು. ಕಣ್ಣಲ್ಲಿ ನೀರು. ‘ಒನ್ಸ್ ಮೋರ್!’ ಅಂತ ಶಿಳ್ಳೆ ಹೊಡೆದರು. ಹದಿನೆಂಟರವರೆಗೆ ಎಣಿಸಿದೆ ಅಂತ ಗಿರಿ ಆಮೇಲೆ ಹೇಳಿದ. ನನ್ನ ಜೀವನದ ಅತಿ ದೊಡ್ಡ ಚಪ್ಪಾಳೆ ನನಗೆ ಸಿಕ್ಕಿದ್ದು ನನ್ನ ಕಾಯಿಲೆಗೆ.

ಆವತ್ತಿನಿಂದ ನಿಲ್ಲಲಿಲ್ಲ. ಬೆಳಿಗ್ಗೆ ಕಣ್ಣು ಬಿಡುವುದಕ್ಕೆ ಮೊದಲೇ ಸೀನು. ಅಂಗುಳಲ್ಲಿ ತುರಿಕೆ, ನಾಲಿಗೆಯಿಂದ ಉಜ್ಜಿ ಉಜ್ಜಿ ‘ಕ್ಲಕ್ ಕ್ಲಕ್’ ಅಂತ ಎತ್ತು ಹೊಡೆಯುವವನ ಹಾಗೆ ಸದ್ದು ಮಾಡುತ್ತ ಮನೆ ತುಂಬ ಓಡಾಡುತ್ತಿದ್ದೆ. ಕಿವಿಯೊಳಗೆ ತುರಿಕೆ. ಕೂತರೆ ಏಳಬೇಕು, ಎದ್ದರೆ ಮುಖ ತೊಳೆಯಬೇಕು, ತೊಳೆದರೆ ಒರೆಸಬೇಕು, ಒರೆಸಿದರೆ ಮತ್ತೆ ಉರಿ. ಪ್ರೂಫಿನ ಒಂದು ಸಾಲು ನೋಡುವಷ್ಟರಲ್ಲಿ ಎರಡು ಸೀನು. ಆ ತಿಂಗಳು ಎಷ್ಟು ಮದುವೆ ಕರೆಯೋಲೆಯಲ್ಲಿ ಎಷ್ಟು ವರರ ಹೆಸರು ತಪ್ಪಿಹೋಯಿತೋ ಆ ದೇವರಿಗೇ ಗೊತ್ತು. ಕಣ್ಣಿನ ರೆಪ್ಪೆ ಬೋಂಡದಷ್ಟು ಊದಿತು. ಅಂಗಿಯ ಮೇಲಿನ ಗುಂಡಿ ಬಿಡುವ ಶೋಕಿ ನನಗಿತ್ತಲ್ಲ, ಸರಿಯಾಗಿ ಅಷ್ಟೇ ಜಾಗದಲ್ಲಿ ಕತ್ತಿನ ಚರ್ಮ ಕೆಂಪಾಗಿ ದಪ್ಪವಾಗಿ ತೊಗಲಿನ ಚೀಲದಂತಾಯಿತು.

ಇದೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಬೇರೆ: ಯಾರೂ ನಂಬುತ್ತಿರಲಿಲ್ಲ.

ಅಪ್ಪ ಪೇಪರ್ ಕೆಳಗಿಳಿಸದೆಯೇ ಕೇಳುತ್ತಿದ್ದರು. “ಇದು ಯಾರ್ದೋ?”

“ನನ್ದೇ ಅಪ್ಪ.”

“ಚೆನ್ನಾಗಿಲ್ಲ. ಮೇಷ್ಟ್ರದ್ದೇ ವಾಸಿ.”

ಅಮ್ಮ ನಂಬಿದಳು, ಆದರೆ ಅವಳದ್ದೇ ದಾರಿಯಲ್ಲಿ. “ಯಾರ್ ಯಾರನ್ನ ಆಡ್ಕೊಂಡ್ಯೋ ಅವರೆಲ್ಲರ ದೃಷ್ಟಿ ಕಣೋ ಇದು” ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮನೆಯವರೆಲ್ಲ ಸೀನಿದರು. ಅವತ್ತೊಂದು ದಿನ ನನಗೆ ಜೊತೆ ಸಿಕ್ಕಿತು. ಮೆಣಸಿನ ಕಷಾಯ, ಅರಿಸಿನದ ಕೊಂಬಿನ ಹೊಗೆ, ನೀಲಗಿರಿ ಎಣ್ಣೆ. ಬೀದಿಯ ಡಾಕ್ಟರು ಕೊಟ್ಟ ಹಳದಿ ಮಾತ್ರೆ ನುಂಗಿದರೆ ಸೀನು ನಿಂತು ನಿದ್ದೆ ಹತ್ತುತ್ತಿತ್ತು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆಗಳ ಪೆಟ್ಟಿಗೆಯ ಮೇಲೆ ಕೆನ್ನೆಯಿಟ್ಟು ಮಲಗಿ, ಕೆನ್ನೆಯ ಮೇಲೆ ಅರ್ಧ ವರ್ಣಮಾಲೆ ಮೂಡಿಸಿಕೊಂಡು ಎದ್ದಿದ್ದೇನೆ.

ಜನವರಿಯ ಒಂದು ಬೆಳಿಗ್ಗೆ, ಎಂಟು ಗಂಟೆ ಇರಬೇಕು, ಒಳದಾರಿಯಲ್ಲಿ ಗಿರಿಯ ಜೊತೆ ಬಸ್ಸಿಗೆ ಓಡುತ್ತಿದ್ದೆ. ಗಾಳಿ ಬೀಸುತ್ತಿತ್ತು. ಸೀನು ಶುರುವಾಯಿತು, ಹತ್ತಿಪ್ಪತ್ತು, ಆಮೇಲೆ ಇದ್ದಕ್ಕಿದ್ದಂತೆ ನಿಂತಿತು. ನಿಂತದ್ದಕ್ಕೆ ಖುಷಿಪಡಬೇಕು ಅನ್ನುವಷ್ಟರಲ್ಲಿ ಎದೆಯೊಳಗೆ ಯಾರೋ ಬಾಗಿಲು ಹಾಕಿದರು. ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಬಂದರೂ ‘ಕುಂಯ್…’ ಅಂತ ದೂರದ ರೈಲು ಕೂಗಿದ ಹಾಗೆ. ಒಂದು ಸೈಟಿನ ಗಡಿಕಲ್ಲಿನ ಮೇಲೆ ಕುಕ್ಕರಿಸಿದೆ. ಬಸ್‌ಸ್ಟಾಪಿನಲ್ಲಿದ್ದ ನಾಲ್ಕಾರು ಜನ ತಿರುಗಿದರು. ಗಿರಿಗೆ ಹಿಗ್ಗು.

“ಸೂಪರ್ ಮಗಾ! ಇದು ಹೊಸದಾ? ಯಾರ್ದು, ಯಶವಂತಪುರ ಸ್ಟೇಷನ್ ಮಾಸ್ಟರ್ದಾ?”

ನಾನು ಕೈ ಆಡಿಸಿದೆ. ಅವನೂ ಕೈ ಆಡಿಸಿದ. ಬಸ್‌ಸ್ಟಾಪಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ಆ ಚಪ್ಪಾಳೆಯ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಸಾಯುವಾಗ ಜನ ನಗುತ್ತಿರುತ್ತಾರೆ, ನನಗೆ ಆಗಬೇಕಾದದ್ದೇ ಇದು ಅನ್ನುವ ಒಂದೇ ಯೋಚನೆ.

ಆಗ ಮುನಿಯಮ್ಮ ಬಂದಳು. ಹಳೇ ಊರಿನವಳು, ನಮಗೆಲ್ಲ ಹಾಲು ಹಾಕುವವಳು. ಅವಳನ್ನೂ ನಾನು ಬಿಟ್ಟಿರಲಿಲ್ಲ. ಅವಳ ನಡಿಗೆ, ಅವಳ ಮಾತು, ಹಾಲಿಗೆ ನೀರು ಬೆರೆಸಿಲ್ಲ ಅಂತ ಆಣೆ ಇಡುವ ಭಂಗಿ, ಎಲ್ಲವೂ ನನ್ನ ಪಟ್ಟಿಯಲ್ಲಿದ್ದವು. ಹಾಲಿನ ಕ್ಯಾನು ಕೆಳಗಿಟ್ಟು ನನ್ನ ಮುಖ ಒಮ್ಮೆ ನೋಡಿದಳು.

“ಅಯ್ಯೋ ನಿಮ್ ಬಾಯಿಗ್ ಮಣ್ಣಾಕ, ನಗ್ತಾ ನಿಂತವ್ರೆ! ಉಸ್ರು ಓಗ್ತಾ ಐತೆ ಉಡ್ಗುಂಗೆ! ಆಟೋ ಕರೀರೋ!”

ಆಟೋದಲ್ಲಿ ನನ್ನ ಬೆನ್ನು ಸವರುತ್ತ ಕೂತವಳೂ ಅವಳೇ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಮೇಲೆ, ಎದೆಯ ಬಾಗಿಲು ಒಂದು ಬೆರಳಿನಷ್ಟು ತೆರೆದ ಮೇಲೆ, ಗಿರಿ ಅಳುಮೋರೆ ಹಾಕಿಕೊಂಡು ಅವಳನ್ನು ಕೇಳಿದ: “ನಿಮಗೆ ಹೆಂಗೆ ಗೊತ್ತಾಯ್ತು ಮುನಿಯಮ್ಮ, ಇವನು ಆಟ ಆಡ್ತಿಲ್ಲ ಅಂತ?”

“ಆಟ ಆಡೋವಾಗ ಇವ್ನು ನಮ್ ಮಕ ನೋಡ್ತಾನೆ ಕಣಪ್ಪ, ನಗ್ತಾರಾ ಇಲ್ವಾ ಅಂತ. ಇವತ್ತು ಯಾರ್ ಮಕಾನೂ ನೋಡ್ಲಿಲ್ಲ.”

ನನ್ನನ್ನು ಇಷ್ಟು ಸರಿಯಾಗಿ ಯಾರೂ ಅಣಕಿಸಿರಲಿಲ್ಲ.

ಆಮೇಲೆ ದೊಡ್ಡ ಆಸ್ಪತ್ರೆಯ ಅಲರ್ಜಿ ವಿಭಾಗ. ಉದ್ದದ ಬೆಂಚು, ಅದರ ಮೇಲೆ ಸಾಲಾಗಿ ನನ್ನಂಥವರು. ನಾನು ಲೋಕದಲ್ಲಿ ಒಬ್ಬನೇ ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ ಹೆಬ್ಬಾಳದ ಒಬ್ಬರು, ಆರ್.ಟಿ. ನಗರದ ತಾಯಿ ಮಗಳು, ಯಲಹಂಕದ ಕಡೆಯ ಒಬ್ಬ ರೈತ, ಅವನ ಕೈಯಂತೂ ಮೊಣಕೈವರೆಗೆ ಮರದ ತೊಗಟೆಯಾಗಿತ್ತು. ಯಾರೂ ಹೆಸರು ಕೇಳುತ್ತಿರಲಿಲ್ಲ. “ನಿಮ್ಮನೆ ಪಕ್ಕ ಖಾಲಿ ಸೈಟಾ?” “ನಮ್ದು ಎದುರುಗಡೆ.” “ನಮ್ದು ರೈಲ್ವೆ ಲೈನು ಕಣ್ರೀ, ಎರಡೂ ಕಡೆ ಅದೇ.” ಹೀಗೆ ಪರಿಚಯ. ಒಬ್ಬರು ಸೀನಿದರೆ ಬೆಂಚು ಪೂರ್ತಿ ಸರದಿಯಂತೆ ಸೀನುತ್ತಿತ್ತು. ಎಂಟು ಥರದ ಹೊಸ ಸೀನು! ನನ್ನ ಕಲಾವಿದನ ಕಿವಿ ನಿಮಿರಿತು. ಆರ್.ಟಿ. ನಗರದ ಹುಡುಗಿಯದು ಪಿಂಗಾಣಿ ಲೋಟ ಒಡೆದಂಥ ಸೀನು. ಮನಸ್ಸಿನಲ್ಲೇ ಬರೆದುಕೊಂಡೆ. ಅವಳು ನನ್ನತ್ತ ತಿರುಗಿ, ಊದಿದ ಕಣ್ಣಲ್ಲೇ ನಕ್ಕು, ಕೈಲಿದ್ದ ಒದ್ದೆ ಕರವಸ್ತ್ರದ ಒಣಗಿದ ಮೂಲೆ ಹುಡುಕಿ ಹರಿದು ಕೊಟ್ಟಳು. ನನ್ನ ಕರವಸ್ತ್ರ ಆಗಲೇ ಕೈಕೊಟ್ಟಿತ್ತು. ಆಮೇಲೆ ಅವಳ ಸೀನನ್ನು ನಾನು ಎಲ್ಲೂ ಮಾಡಲಿಲ್ಲ.

ನನ್ನ ಬೆನ್ನಿಗೆ ಏನೇನೋ ಪಟ್ಟಿ ಅಂಟಿಸಿ, ಎರಡು ದಿನ ಸ್ನಾನ ಮಾಡಬೇಡ, ಕೆರೆಯಬೇಡ ಅಂದರು. ಎರಡು ದಿನ ಬಾಗಿಲ ಚೌಕಟ್ಟನ್ನು ಎಮ್ಮೆಯ ಹಾಗೆ ಆಸೆಯಿಂದ ನೋಡುತ್ತ ಓಡಾಡಿದೆ. ಪಟ್ಟಿ ಕಿತ್ತಾಗ ಕಾಂಗ್ರೆಸ್ ಗಿಡದ ರಸ ಹಚ್ಚಿದ್ದ ಒಂದು ಚೌಕ ಮಾತ್ರ ಬೆಂಕಿಯಾಗಿತ್ತು. ಡಾಕ್ಟರು ವಯಸ್ಸಾದವರು, ಮಾತು ಕಡಿಮೆ.

“ಈ ಗಿಡಾನ ಮುಟ್ಟಿದ್ದೀಯಾ?”

“ಕಟ್ಟಿ ಅಲಂಕಾರ ಮಾಡಿದ್ದೀನಿ ಸಾರ್. ಅಧ್ಯಕ್ಷರಿಗೆ ಗುಚ್ಛಾನೂ ಕೊಟ್ಟಿದ್ದೀನಿ.”

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಜೊತೆಗೆ ಬಂದಿದ್ದ ಅಪ್ಪನ ಕಡೆ ತಿರುಗಿ ಹೇಳಿದರು. “ಮಾತ್ರೆ, ಸೂಜಿ ಎಲ್ಲ ಕೊಡ್ತೀನಿ. ಆದ್ರೆ ದಿನಾ ಇದರ ಮಧ್ಯೆ ಉಸಿರಾಡ್ತಿದ್ರೆ ಎದೆ ಹಾಳಾಗತ್ತೆ. ಒಂದೋ ಮನೆ ಸುತ್ತ ಗಿಡ ಹೋಗ್ಬೇಕು, ಇಲ್ಲಾ ಹುಡುಗ ಹೋಗ್ಬೇಕು.”

ಮನೆಯಲ್ಲಿ ಸಭೆ ನಡೆಯಿತು. ಅಪ್ಪ ಮಾತಾಡಿದರೆ ಅದು ತೀರ್ಮಾನವೇ. ಕಾರವಾರದಲ್ಲಿ ಚಿಕ್ಕಪ್ಪ ಇದ್ದಾರೆ, ಸಮುದ್ರದ ಗಾಳಿ, ಅಲ್ಲಿ ಈ ಗಿಡ ಇಲ್ಲವಂತೆ. ಅಲ್ಲಿಗೆ ಹೋಗಲಿ. ನನ್ನ ಎದೆ ಮತ್ತೆ ಬಿಗಿಯಿತು, ಈ ಸಲ ಗಿಡದಿಂದಲ್ಲ. ಪ್ರೆಸ್ಸು ಹೋಗುತ್ತದೆ, ಗಿರಿ ಹೋಗುತ್ತಾನೆ, ಅಮ್ಮನ ಕೈಯ ಊಟ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಕಣ್ಣಿಟ್ಟು ಕಿವಿಯಿಟ್ಟು ಕಲಿತ ಈ ಬೀದಿ ಹೋಗುತ್ತದೆ. ಕಾರವಾರದಲ್ಲಿ ಮೇಷ್ಟ್ರ ಸೀನು ಮಾಡಿದರೆ ಯಾರಿಗೆ ನಗು ಬರಬೇಕು? ನಾನು ಅಂದರೆ ಇವರೇ ಆಗಿದ್ದೆ.

“ಗಿಡ ತೆಗೆಸ್ತೀನಿ ಅಪ್ಪ. ಒಂದು ಅವಕಾಶ ಕೊಡಿ” ಅಂದೆ.

ಅಪ್ಪ ಪೇಪರ್ ಮಡಿಸಿದರು. “ಗೌರಿ ಹಬ್ಬದವರೆಗೆ. ಅಷ್ಟೊತ್ತಿಗೆ ಸುತ್ತ ಮತ್ತೆ ಹೂವು ಕಂಡ್ರೆ ಟ್ರಂಕು ಕಟ್ಟು.”

ಮನೆಮನೆಗೆ ಹೊರಟೆ, ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡು. ಈಗ ನೋಡಿ ಮಜಾ. ಯಾರ ಬಾಗಿಲು ಬಡಿದರೂ ಒಳಗಿರುವವರು ನಾನು ಅಣಕಿಸಿದವರೇ. “ಇದೂ ಒಂದು ಐಟಮ್ಮೇನೋ?” ಅಂತ ಒಬ್ಬರು. “ಟವೆಲು ಚೆನ್ನಾಗಿದೆ, ಇದು ಯಾರ ಥರ?” ಅಂತ ಇನ್ನೊಬ್ಬರು. ಮೂಲೆಮನೆಯ ಜಾನಕಮ್ಮನವರು ಒಳಗೆ ಕರೆದು ಕಾಫಿ ಕೊಟ್ಟು, “ನಾನು ಹಾಡೋದನ್ನ ಗಣಪತಿ ಹಬ್ಬದಲ್ಲಿ ಮಾಡಿದ್ಯಲ್ಲ, ಒಂದ್ಸಲ ಮಾಡು, ಕೇಳಿ ಆಮೇಲೆ ಗಿಡದ ವಿಷ್ಯ ಮಾತಾಡೋಣ” ಅಂದರು. ಕಟ್ಟಿದ ಮೂಗಲ್ಲಿ ಅವರ ದನಿ ತೆಗೆಯಲು ಹೋಗಿ, ಕೆಮ್ಮಿ, ಕಾಫಿ ಚೆಲ್ಲಿದೆ. ಅವರಿಗೆ ತೃಪ್ತಿಯಾಯಿತು. ಗುದ್ದಲಿ ತರುತ್ತೇನೆ ಅಂದರು.

ಅಷ್ಟರಲ್ಲಿ ಕಾಮನ ಹುಣ್ಣಿಮೆ ಬಂತು, ನನ್ನ ತಲೆಗೆ ಎರಡನೇ ಮಹಾ ಉಪಾಯವೂ ಬಂತು. ಪ್ರತಿ ವರ್ಷ ಹುಡುಗರು ಕಂಡವರ ಬೇಲಿ ಬಾಗಿಲು ಕದ್ದು ಕಾಮಣ್ಣನನ್ನು ಸುಡುತ್ತಾರೆ. ಈ ಸಲ ಕದಿಯುವುದೇ ಬೇಡ, ಇಡೀ ಬಡಾವಣೆಯ ಕಾಂಗ್ರೆಸ್ ಗಿಡ ಕಿತ್ತು ಕಾಮಣ್ಣನ ಜೊತೆ ಸುಟ್ಟುಬಿಡೋಣ! ಸಲಹೆಗೆ ಜನ ಕುಣಿದರು. ಅರ್ಧ ಒಣಗಿ ಅರ್ಧ ಹೂವಾಗಿದ್ದ ಗಿಡಗಳನ್ನು ಕಿತ್ತು, ಹೊರೆ ಕಟ್ಟಿ, ತಮಟೆ ಬಡಿಯುತ್ತ, ಬೀದಿ ಬೀದಿ ಮೆರವಣಿಗೆ ಮಾಡಿ, ಬೇವಿನಮರದ ಹತ್ತಿರದ ಬಯಲಿಗೆ ಎಳೆದು ತಂದರು. ಹೊರೆಗಳನ್ನು ಮೊದಲು ಒರಗಿಸಿಟ್ಟದ್ದು ನಮ್ಮನೆಯ ಗೇಟಿಗೆ, ನಾಯಕನ ಮನೆಯಲ್ಲವೇ!

ಹಾಲು ಹಾಕಲು ಬಂದಿದ್ದ ಮುನಿಯಮ್ಮ ಹಣೆ ಚಚ್ಚಿಕೊಂಡಳು. “ಊವಾಗಿ ಬೀಜ ಕಟ್ಟಿರೋದ್ನ ಕಿತ್ರೆ ಏನ್ ಬಂತು? ಊವು ಬಿಡಕ್ ಮುಂಚೆ ಕೀಳ್ಬೇಕು ಕಣ್ ಮಗ. ಇಂಗೆ ಎಳ್ಕೊಂಡ್ ಓದ್ರೆ ಬಿತ್ಕೊಂಡ್ ಓದಂಗೆ.”

ನಾನೇನು ಮಾಡಿದೆ ಗೊತ್ತೆ? ಪ್ರಾಣ ಉಳಿಸಿದವಳ ಮಾತನ್ನು ಅವಳದೇ ದನಿಯಲ್ಲಿ, ಅವಳದೇ ಕೈತಿರುವಿನಲ್ಲಿ ಅಲ್ಲೇ ಮಾಡಿ ತೋರಿಸಿದೆ. ಹುಡುಗರು ನಕ್ಕರು. ಅವಳು ಕ್ಯಾನು ಎತ್ತಿಕೊಂಡು ಹೊರಟುಹೋದಳು.

ಸಂಜೆ ಬೆಂಕಿ ಇಟ್ಟರು. ಗಾಳಿ ತಿರುಗಿತು. ಬೆಳ್ಳನೆಯ ಹೊಗೆ ಬಡಾವಣೆಯ ಮೇಲೆ ಮಲಗಿತು. ಮೊದಲು ಗಿರಿ ಸೀನಿದ, ಆಮೇಲೆ ಜಾನಕಮ್ಮ, ಆಮೇಲೆ ತಮಟೆಯವನು. ಎಲ್ಲರ ಸೀನಿಗೂ ಶ್ರುತಿ ಕೂಡುವಷ್ಟರಲ್ಲಿ ನಾನು ಆಟೋದಲ್ಲಿದ್ದೆ. ಮೂರು ದಿನ ವಾರ್ಡಿನಲ್ಲಿ ಮಲಗಿದೆ. ಅಲ್ಲೊಬ್ಬಳು ಆಯಾ ನನ್ನ ಮಂಚವನ್ನು ಕಿಟಕಿಯಿಂದ ದೂರಕ್ಕೆ ಎಳೆದು, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, “ಕಾಮಣ್ಣನ ಸುಡೋಕ್ ಹೋಗಿ ನೀನೇ ಸುಟ್ಕೊಂಡ್ಯಾ?” ಅಂದಳು. ನಗಲು ಉಸಿರಿರಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು ನನ್ನ ಎದೆಯ ಮೇಲೆ ಕೈಯಿಟ್ಟು, ಏಳುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದಳು. ಅವಳೇ ಉಸಿರಾಡಿಸುತ್ತಿದ್ದಾಳೆ ಅನ್ನಿಸುತ್ತಿತ್ತು.

ಮೇ ತಿಂಗಳಲ್ಲಿ ಮೊದಲ ಮಳೆ ಬಿತ್ತು. ವಾರ ಕಳೆದ ಮೇಲೆ ಗಿರಿ ನನ್ನನ್ನು ತಾರಸಿಗೆ ಎಳೆದುಕೊಂಡು ಹೋದ.

“ಗುರು, ಕೆಳಗೆ ನೋಡು.”

ಹಸಿರು ಗೆರೆ. ಮೊದಲು ಗಿಡವೇ ಇರದಿದ್ದ ಬೀದಿಗಳ ಅಂಚಿನಲ್ಲೂ ಒತ್ತಾಗಿ ಸಸಿ ಎದ್ದಿದ್ದವು. ಗೆರೆ ಜಾನಕಮ್ಮನ ಮನೆ ಮುಂದೆ ತಿರುಗಿ, ಚರಂಡಿ ದಾಟಿ, ಬೇವಿನಮರದ ಬಯಲಿಗೆ ಹೋಗಿ ದಪ್ಪನಾಗಿ ನಿಂತಿತ್ತು. ನಮ್ಮ ಮೆರವಣಿಗೆಯ ದಾರಿ, ಒಂದು ತಿರುವೂ ತಪ್ಪದ ಹಾಗೆ. ಎಲ್ಲಕ್ಕಿಂತ ಒತ್ತಾಗಿದ್ದದ್ದು ನಮ್ಮನೆಯ ಗೇಟಿನ ಬುಡದಲ್ಲಿ.

ಅಪ್ಪನೂ ಅದನ್ನು ನೋಡಿದರು. ಅಟ್ಟದಿಂದ ಟ್ರಂಕು ಇಳಿಸಿ, ಧೂಳು ಒರೆಸಿ, ನಡುಮನೆಯಲ್ಲಿಟ್ಟರು.

ಅವತ್ತೇ ಹಳೇ ಊರಿಗೆ ಹೋದೆ. ಮುನಿಯಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಒಂದು ಮಾತನ್ನೂ ನಾಟಕದ ದನಿಯಲ್ಲಿ ಆಡದೆ, ತಪ್ಪಾಯಿತು ಅಂದೆ. ನನ್ನ ಸ್ವಂತ ದನಿ ನನಗೇ ಹೊಸದಾಗಿ ಕೇಳಿಸಿತು, ಸ್ವಲ್ಪ ಸಣ್ಣದಾಗಿ.

ಅವಳು ಸಗಣಿ ಕೈಯಲ್ಲೇ ಬಂದು ನನ್ನ ಮುಖ ನೋಡಿದಳು. “ನಗ್ತೀನಾ ಅಂತ ನೋಡ್ತಿಲ್ಲ, ದಿಟ್ವಾಗ್ಲೂ ಬಂದಿದೀಯ. ಕೂತ್ಕೊ. ಸಸಿ ಇವಾಗ ನೆಲಕ್ಕಂಟ್ಕೊಂಡ್ ಐತೆ, ಚಪ್ಪಟೆ. ಮಳೆ ಬಿದ್ದ ಮಾರ್ನೆ ದಿನ ಬೆಳಿಗ್ಗೆ ನೆಲ ಮೆತ್ಗಿರ್ತದೆ, ಬೇರ್ ಸಮೇತ ಬರ್ತದೆ. ಕೈಗೆ ಬಟ್ಟೆ ಸುತ್ಕೊಳ್ರಿ. ಎಳೀಬ್ಯಾಡ್ರಿ, ಮೆರೆಸ್ಬ್ಯಾಡ್ರಿ. ಕಿತ್ತಲ್ಲೇ ಗುಂಡಿ ತೋಡಿ ಮುಚ್ರಿ. ಕಲ್ ಸಂದೀಲಿ ಇರೋದುಕ್ಕೆ ಗಟ್ಟಿ ಉಪ್ನೀರು ಉಯ್ರಿ. ನೀನ್ ಮಾತ್ರ ಮುಟ್ಬ್ಯಾಡ.”

ಹಾಗೇ ಮಾಡಿದೆವು. ಜನ ಹಳೇ ಕಾಲುಚೀಲಗಳನ್ನು ಕೈಗೆ ಹಾಕಿಕೊಂಡು ಬರುತ್ತಿದ್ದರು. ಕೆಲವರ ಹೆಬ್ಬೆರಳು ತೂತಿನಿಂದ ಇಣುಕುತ್ತಿತ್ತು. ಮುಟ್ಟಬಾರದ ನನಗೆ ಎಬ್ಬಿಸುವ ಕೆಲಸ. ಮಳೆ ಬಂದ ಮಾರನೇ ಬೆಳಿಗ್ಗೆ ಆರಕ್ಕೆ ಒಂದೊಂದು ಮನೆ ಮುಂದೆ ನಿಂತು ಅವರವರ ಸೀನನ್ನು ಅವರಿಗೇ ಸೀನುವುದು. ಬೈಯುತ್ತ ಎದ್ದು ಬರುತ್ತಿದ್ದರು, ಆದರೆ ಬರುತ್ತಿದ್ದರು. ಬಾರದವರನ್ನು ಜಾನಕಮ್ಮನವರ ಆಲಾಪನೆ ಕರೆತರುತ್ತಿತ್ತು. ಕೆಲವು ಸಲ ನನ್ನದು, ಕೆಲವು ಸಲ ಅವರದೇ.

ಆಷಾಢ ಮುಗಿಯುವಷ್ಟರಲ್ಲಿ ಬಡಾವಣೆ ಮೈ ತೊಳೆದುಕೊಂಡಂತಿತ್ತು. ಒಂದು ಜಾಗ ಬಿಟ್ಟು. ಮೇಷ್ಟ್ರ ಮೂಲೆ ಸೈಟು. ಮುಳ್ಳುತಂತಿ, ತಗಡಿನ ಗೇಟು, ಅದಕ್ಕೆ ಹೆಡ್‌ಮಾಸ್ಟರರ ಬೀಗ. ಒಳಗೆ ಎದೆಯುದ್ದದ ಗಿಡ. ನಮ್ಮನೆಯ ಕಿಟಕಿಗೆ ನೇರ ಗಾಳಿ ಬೀಸುವುದು ಅಲ್ಲಿಂದಲೇ. ಒಂದು ಕಾಲದಲ್ಲಿ ಅವರು ಅಲ್ಲಿ ಅವರೆ ಬಿತ್ತಿದ್ದರಂತೆ. ಮುನಿಯಮ್ಮನ ಹಸು ತಂತಿ ದಾಟಿ ಒಂದೇ ಬೆಳಿಗ್ಗೆ ಪೂರ್ತಿ ಮುಗಿಸಿತ್ತಂತೆ. ಆಮೇಲೆ ಈ ಗಿಡ ಎದ್ದಿತು. ಅಂದಿನಿಂದ ಒಂದು ಹಸುವೂ ಆ ಕಡೆ ಮೂತಿ ಹಾಕಿರಲಿಲ್ಲ. ಹಾಗಾಗಿ ಮೇಷ್ಟ್ರಿಗೆ ಅದು ಗಿಡವಲ್ಲ, ಸಂಬಳ ಕೇಳದ ಕಾವಲುಗಾರ. ಮೂರು ಸಲ ಕೇಳಿದೆ. ಮೂರು ಸಲವೂ ಬೆರಳು ಮೇಲೆತ್ತಿ ನನ್ನನ್ನು ಸುಮ್ಮನಿರಿಸಿದರು.

ಗೌರಿ ಹಬ್ಬಕ್ಕೆ ಹತ್ತು ದಿನ ಇರುವಾಗ ಆ ಹಸಿರಿನ ಮೇಲೆ ಒಂದು ಬಿಳಿ ಚುಕ್ಕೆ ಕಂಡಿತು. ಮರುದಿನ ಏಳು. ಅಮ್ಮ ನನ್ನ ಅಂಗಿಗಳನ್ನು ಇಸ್ತ್ರಿ ಮಾಡಿ ಟ್ರಂಕಿಗೆ ಹಾಕುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತ. ಅಲರ್ಜಿ ಅವಳಿಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರೂ ಆ ಗೇಟಿನ ಮುಂದೆ ಸೇರಿದೆವು. ಹಾಲಿನ ಕ್ಯಾನು ಹಿಡಿದ ಮುನಿಯಮ್ಮ, ಅವಳ ಹಿಂದೆ ಅವಳ ಹಸು. ಮೇಷ್ಟ್ರು ಬೀಗದ ಕೈ ಜನಿವಾರಕ್ಕೆ ಕಟ್ಟಿಕೊಂಡು ಅಡ್ಡ ನಿಂತರು.

“ಸಾರ್, ಹೂವು ಬಿಡ್ತಿದೆ. ನನ್ನ ಕಾರವಾರಕ್ಕೆ ಕಳಿಸ್ತಾರೆ ಸಾರ್” ಅಂದೆ. ಅಣಕವಿಲ್ಲದ ದನಿ, ಈಚೆಗೆ ಸ್ವಲ್ಪ ರೂಢಿಯಾಗಿತ್ತು.

“ನಿನ್ನ ಮೂಗಿಗೂ ನನ್ನ ಸೈಟಿಗೂ ಏನಯ್ಯಾ ಸಂಬಂಧ? ನಾನೂ ಸೀನ್ತೀನಿ. ನಮ್ಮ ತಂದೆಯವರೂ ಸೀನ್ತಿದ್ರು. ಇದು ನಮ್ಮ ವಂಶದಲ್ಲೇ ಇದೆ. ಈ ಗಿಡ ಕಿತ್ತು ಹಾಕಿದ್ರೆ ನಾಳೆ ಬೆಳಿಗ್ಗೆ ಈಕೆ ಹಸು ಒಳಗಿರತ್ತೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಹಸು ಇದಕ್ಕೆ ಬಾಯಿ ಹಾಕಿದೆಯಾ? ಹೇಳಿ ನೋಡೋಣ!”

ಅಷ್ಟು ಹೇಳಿ ಬೆರಳೆತ್ತಿದರು, ಕನ್ನಡಕ ತೆಗೆದು ಎಡಗೈಗೆ ಕೊಟ್ಟರು, ತಗಡಿನ ಗೇಟು ಅಲುಗುವ ಹಾಗೆ ಸೀನಿದರು. ನಂತರ ಎಲ್ಲರನ್ನೂ ದುರುಗುಟ್ಟಿ ನೋಡಿದರು. ಯಾರೂ ನಗಲಿಲ್ಲ. ನಾನಂತೂ ನಗಲಿಲ್ಲ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುನಿಯಮ್ಮ ಮಾತಾಡಿದ ಮೇಲೆ ನನಗೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಇದನ್ನು ಬರೆಯುತ್ತಿರುವುದು ಮತ್ತಿಕೆರೆಯಲ್ಲೇ, ಐದು ವರ್ಷ ಕಳೆದ ಮೇಲೆ. ಟ್ರಂಕಿನಲ್ಲಿ ಅಮ್ಮ ಈಗ ರಾಗಿ ಇಡುತ್ತಾಳೆ. ಪೂರ್ತಿ ವಾಸಿಯಾಗಿಲ್ಲ, ರೈಲಿನ ಕಿಟಕಿ ಪಕ್ಕ ಕೂರುವ ಹಾಗಿಲ್ಲ, ಜೇಬಿನಲ್ಲಿ ಹಳದಿ ಮಾತ್ರೆ ಇರಲೇಬೇಕು, ಮಳೆ ಬಂದ ಮಾರನೇ ಬೆಳಿಗ್ಗೆ ಬಡಾವಣೆಯನ್ನು ಎಬ್ಬಿಸಲೇಬೇಕು, ಒಂದು ವರ್ಷ ಮಲಗಿಬಿಟ್ಟರೆ ಗಿಡ ಮತ್ತೆ ಎದ್ದುಬಿಡುತ್ತದೆ. ಮೇಷ್ಟ್ರ ಸೈಟಿನಲ್ಲಿ ಮತ್ತೆ ಅವರೆ ಇದೆ. ಆ ಮಳೆಗಾಲದ ಕೊನೆಗೆ ಅವರ ಸೀನು ಕಡಿಮೆಯಾಗುತ್ತ ಬಂದು ಕಡೆಗೆ ನಿಂತೇಹೋಯಿತು, ವಂಶದ್ದು ಸಮೇತ. ನನ್ನ ಅತ್ಯುತ್ತಮ ಐಟಮ್ಮು ಹಾಗೆ ಸತ್ತಿತು. ಈಗಿನ ಹುಡುಗರ ಮುಂದೆ ಮಾಡಿದರೆ, ಯಾರದು ಅಂತ ಕೇಳುತ್ತಾರೆ. ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇದನ್ನು ಓದುತ್ತಿರುವ ಯಾರಾದರೂ ಇದ್ದರೆ, ನಿಮ್ಮನ್ನು ಯಾರೂ ನಂಬದಿದ್ದರೆ, ನಿಮ್ಮ ಬೀದಿಯಲ್ಲೂ ಒಬ್ಬ ಮುನಿಯಮ್ಮ ಇರುತ್ತಾಳೆ, ಹುಡುಕಿ. ಮೊದಲು ಅವಳ ಕ್ಷಮೆ ಕೇಳಿ.

ಅವತ್ತು ಆ ಗೇಟಿನ ಮುಂದೆ ಅವಳು ಕ್ಯಾನು ಕೆಳಗಿಟ್ಟಳು. ಮುಳ್ಳುತಂತಿಯ ಸಂದಿನಿಂದ ಒಂದು ಕಡ್ಡಿ ಗಿಡ ಮುರಿದು ಹಸುವಿನ ಮೂತಿಗೆ ಹಿಡಿದಳು. ಹಸು ಮೂಸಿ, ಮುಖ ತಿರುಗಿಸಿ, ಒಂದು ಹೆಜ್ಜೆ ಹಿಂದೆ ಸರಿಯಿತು. ಅವಳು ಮೇಷ್ಟ್ರ ಕಡೆ ತಿರುಗಿದಳು.

“ನನ್ ಅಸು ಇಸ್ಕೂಲ್ ಮೆಟ್ಲು ಅತ್ತಿಲ್ಲ ಮೇಷ್ಟ್ರೇ, ಅದುಕ್ಕೇ ಗೊತ್ತೈತೆ ಇದು ಇಸ ಅಂತ. ನೀವು ಊರ್ ಉಡುಗ್ರಿಗೆಲ್ಲಾ ಪಾಟ ಏಳ್ದೋರು. ನಿಮ್ಗೆ ನನ್ ಅಸು ಬಂದು ಏಳ್ಕೊಡ್ಬೇಕಾ?”